ಅಣ್ಣನ ಹೆಸರಿಗೆ ಬರುತ್ತಿದ್ದ ಬೆಲ್

ನಮ್ಮ ಅತ್ತಿಗೆಗೆ ಕೂತಲ್ಲಿ ಕೂರಲು ಬರುವುದಿಲ್ಲ. ಯಾರ ಮನೆಗೆ ಹೋದರೂ ಕುರ್ಚಿಯ ತುದಿಯಲ್ಲೇ ಕೂರುತ್ತಾರೆ, ಬಸ್ಸು ಬಂದೇಬಿಟ್ಟಿತು ಅನ್ನುವವರ ಹಾಗೆ. ಮನೆಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆಯೂ ಅಷ್ಟೇ. ಬಟ್ಟೆ ಅಂಗಡಿಯವರು ಕೊಟ್ಟ ಷರ್ಟುಗಳಿಗೆ ಕಾಲರ್ ಕೂರಿಸುವುದು ಅವರ ಕೆಲಸ. ಅರ್ಧ ಕಾಲರ್ ಹೊಲಿದು, ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ, ಕತ್ತು ಎತ್ತಿ ಏನನ್ನೋ ಕೇಳಿಸಿಕೊಳ್ಳುತ್ತಾರೆ. ಏನದು ಎಂದರೆ ಏನೂ ಇಲ್ಲ ಎನ್ನುತ್ತಾರೆ. ಮತ್ತೆ ನಾಲ್ಕು ಹೊಲಿಗೆ, ಮತ್ತೆ ಕತ್ತು ಮೇಲೆ. ಅವರ ಎದುರು ಕೂತು ಒಂದು ಲೋಟ ಟೀ ನೆಮ್ಮದಿಯಾಗಿ ಕುಡಿದವರನ್ನು ನಾನು ಕಂಡಿಲ್ಲ. ನಾನಂತೂ ಕುಡಿದಿಲ್ಲ, ಮತ್ತು ಇದನ್ನು ಅವರ ಮುಖದ ಮೇಲೇ ಎಷ್ಟೋ ಸಲ ಹೇಳಿದ್ದೇನೆ.

ಆ ಗುಣ ಹುಟ್ಟಿನಿಂದ ಬಂದದ್ದಲ್ಲ, ಮದುವೆಯಿಂದ ಬಂದದ್ದು. ನನ್ನ ಅಣ್ಣ ಪಂಪ್ ಆಪರೇಟರ್. ಮದುವೆಯಾಗಿ ಬಂದಾಗ ಅತ್ತಿಗೆಗೆ ಸಿಕ್ಕಿದ್ದು ಪಂಪ್‌ಹೌಸಿನ ಗೋಡೆಗೆ ಅಂಟಿಕೊಂಡ ಎರಡು ಕೋಣೆಯ ಕ್ವಾರ್ಟರ್ಸು. ಗೋಡೆಯ ಆ ಕಡೆ ಊರಿಗೆಲ್ಲ ನೀರೆತ್ತುವ ಪಂಪು, ಈ ಕಡೆ ಹೊಸ ಮದುಮಗಳು. ಮೊದಲ ವಾರ ಆ ಸದ್ದಿಗೆ ಅವರಿಗೆ ನಿದ್ದೆಯೇ ಹತ್ತಲಿಲ್ಲವಂತೆ. ಗೂಡಿನಲ್ಲಿಟ್ಟ ಪಾತ್ರೆಗಳು ನಡುಗುತ್ತಿದ್ದವು, ಮೇಜಿನ ಮೇಲಿಟ್ಟ ಲೋಟ ತಾನಾಗಿಯೇ ಅಂಚಿಗೆ ಸರಿದು ಬರುತ್ತಿತ್ತು. ಆಮೇಲೆ ಅದೇ ಸದ್ದು ಜೋಗುಳವಾಯಿತು. ಕೊನೆಗೆ ಎಲ್ಲಿಗೆ ಬಂತೆಂದರೆ, ಸದ್ದು ನಿಂತರೆ ಎಚ್ಚರ. ಪಂಪು ನಿಂತ ಮರುಕ್ಷಣ ಅತ್ತಿಗೆ ಎದ್ದು ಕೂತು ಅಣ್ಣನ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ಅಣ್ಣನೋ, ಪಂಪು ಓಡುತ್ತಿರಲಿ ನಿಂತಿರಲಿ, ಮಲಗಿದನೆಂದರೆ ಕೊರಡು. ಊರಿನವರಿಗೆ ಬೆಳಗ್ಗೆ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಅವನಿಂದ ಎಂದು ಎಲ್ಲರೂ ತಿಳಿದಿದ್ದರು. ಅರ್ಧ ನಿಜ.

ಎಷ್ಟೋ ವರ್ಷಗಳ ಮೇಲೆ ಕ್ವಾರ್ಟರ್ಸು ಸೋರುತ್ತದೆಂದು ಕೆಡವಿದರು. ಅಣ್ಣ ಅತ್ತಿಗೆ ಎರಡು ರಸ್ತೆ ಆಚೆ, ಮೂರನೇ ಮಹಡಿಯ ಫ್ಲ್ಯಾಟಿಗೆ ಬಂದರು. ಅಲ್ಲಿಗೆ ಪಂಪಿನ ಸದ್ದು ಕೇಳುವುದಿಲ್ಲ. ಅದೇ ಹೊತ್ತಿಗೆ ನಾನು ಕೆಲಸ ಮಾಡುವ ಸಣ್ಣ ಕಂಪನಿಗೆ ಪಂಪ್‌ಹೌಸಿನ ಕೆಲಸ ಬಂತು. ಹಗಲಲ್ಲಿ ಅಲ್ಲಿ ಜನ ಇರುತ್ತಾರೆ. ಸಂಜೆಯ ಮೇಲೆ ಮತ್ತು ರಜೆಯ ದಿನ ಬೀಗ. ಬೀಗ ಹಾಕಿದ ಹೊತ್ತಿನಲ್ಲಿ ಪಂಪು ಟ್ರಿಪ್ ಆದರೆ, ಅಂದರೆ ವೋಲ್ಟೇಜ್ ಕುಸಿದು ತಾನಾಗಿ ನಿಂತರೆ, ಮನೆಯಲ್ಲಿರುವ ಆಪರೇಟರಿಗೆ ತಿಳಿಯಬೇಕು. ಅದಕ್ಕೊಂದು ಪ್ರೋಗ್ರಾಂ. ಬರೆದವಳು ನಾನು.

ಅದು ಹೇಗಿತ್ತು ಎಂದು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಪ್ರೋಗ್ರಾಮಿನಲ್ಲಿ ಪಂಪಿನ ಮೇಲೆ ಕಣ್ಣಿಟ್ಟಿರುವ ಭಾಗ ಒಂದು. ಅದಕ್ಕೆ ಅಣ್ಣ ಯಾರು, ಅವನ ಮನೆ ಎಲ್ಲಿ, ಒಂದೂ ಗೊತ್ತಿಲ್ಲ. ಗೊತ್ತಿರಲೂಬಾರದು. ಪಂಪು ನಿಂತಿತು ಎಂದು ಒಮ್ಮೆ ಸಾರಿ ತನ್ನ ಪಾಡಿಗೆ ತಾನಿರುವುದಷ್ಟೇ ಅದರ ಕೆಲಸ. ಆ ಸುದ್ದಿ ಬೇಕಾದ ಬೇರೆ ಭಾಗಗಳು, ನಿಂತರೆ ನನಗೂ ತಿಳಿಸು ಎಂದು ಮೊದಲೇ ಅದರ ಹತ್ತಿರ ಹೇಳಿಟ್ಟಿರುತ್ತವೆ. ಪಂಪ್‌ಹೌಸು ನೋಡಿಕೊಳ್ಳುವ ಸಾಹೇಬರ ಸ್ಕ್ರೀನಿನಲ್ಲಿ ಕೆಂಪು ದೀಪ ಹಚ್ಚುವ ಭಾಗ ಹಾಗೆ ಹೇಳಿಟ್ಟಿದೆ, ಫೋನುಗಳಿಗೆ ಬೆಲ್ ಮಾಡುವ ಭಾಗವೂ ಹೇಳಿಟ್ಟಿದೆ. ಯಾರೂ ಘಳಿಗೆಗೊಮ್ಮೆ ಹೋಗಿ ನಿಂತಿತಾ, ನಿಂತಿತಾ ಎಂದು ಇಣುಕಬೇಕಾಗಿಲ್ಲ. ನನ್ನ ಕಸುಬಿನ ಸೊಗಸೆಲ್ಲ ಇರುವುದು ಇಲ್ಲೇ: ನೀನು ಬಂದು ಕೇಳಬೇಡ, ಆದಾಗ ನಾನೇ ಹೇಳುತ್ತೇನೆ. ಆದರೆ ಒಂದು ಕಟ್ಟಳೆ ಇದೆ. ಹೇಳಿಟ್ಟವರೇ ಬೇಡವಾದಾಗ ಬಂದು ಬೇಡ ಅನ್ನಬೇಕು. ಅನ್ನದಿದ್ದರೆ ಸುದ್ದಿ ಬರುತ್ತಲೇ ಇರುತ್ತದೆ.

ಮೊದಲು ಬೆಲ್ ಎಲ್ಲ ಆಪರೇಟರುಗಳಿಗೂ ಒಟ್ಟಿಗೆ ಹೊಡೆಯುತ್ತಿತ್ತು. ಒಬ್ಬ ಹೋಗುವ ಕೆಲಸಕ್ಕೆ ಮನೆಮನೆಯವರೆಲ್ಲ ಏಳುವುದೇಕೆ ಎಂದು ಅವರೇ ಗಲಾಟೆ ಮಾಡಿದರು. ಸರಿ, ಸರದಿ ಮಾಡಿಕೊಟ್ಟೆ. ಮೊದಲು ಅಣ್ಣನ ಫೋನು. ಅದರಲ್ಲಿ ‘ನೋಡಿದೆ’ ಎಂಬ ಗುಂಡಿ ಒತ್ತಿದರೆ ಆಯಿತು, ಅವನು ಹೋಗುತ್ತಾನೆ, ಬೇರೆಯವರು ಮಲಗಬಹುದು. ಒತ್ತದಿದ್ದರೆ ಎರಡು ನಿಮಿಷ ಹೊಡೆದು, ಅಲ್ಲಿ ಸುಮ್ಮನಾಗಿ, ಮುಂದಿನವನ ಫೋನಿಗೆ ಹೋಗುತ್ತದೆ. ಆ ಮುಂದಿನವನಿಗೆ ಪಂಪ್‌ಹೌಸಿನಲ್ಲಿ ಗೊರಕೆ ಎಂದು ಹೆಸರು. ಊಟದ ಬಿಡುವಿನಲ್ಲಿ ಪಂಪಿಗೆ ಬೆನ್ನು ಕೊಟ್ಟು ಮಲಗಿ, ಪಂಪಿಗಿಂತ ಜೋರಾಗಿ ಸದ್ದು ಮಾಡುತ್ತಿದ್ದನಂತೆ. ದಪ್ಪಗೆ, ಮೆತ್ತಗೆ, ಯಾರು ಏನಂದರೂ ನಗುವ ಮನುಷ್ಯ. ಹೆಂಡತಿ ಕೂಡ ಸಿಟ್ಟು ಬಂದಾಗ ಅವನನ್ನು ಹಾಗೇ ಕರೆಯುತ್ತಾಳೆ.

ಅಣ್ಣನ ಮನೆಯಲ್ಲಿ ಬೆಲ್ ಹೊಡೆದರೆ ಏನಾಗುತ್ತಿತ್ತು ಎಂದು ನಾನೇ ಒಮ್ಮೆ ಉಳಿದುಕೊಂಡಾಗ ನೋಡಿದ್ದೆ. ಅಣ್ಣ ಅಲ್ಲಾಡಲಿಲ್ಲ. ಅತ್ತಿಗೆ ಕೈ ಚಾಚಿ ಗುಂಡಿ ಒತ್ತಿದರು, ಆಮೇಲೆ ಅಣ್ಣನನ್ನು ಎಬ್ಬಿಸಿದರು, ಪ್ಯಾಂಟು ಕೊಟ್ಟರು, ಬೀಗದ ಕೈ ಕೊಟ್ಟರು, ಬಾಗಿಲವರೆಗೆ ದಬ್ಬಿದರು. ಅವನು ಕಣ್ಣು ಬಿಟ್ಟಿದ್ದು ಮೆಟ್ಟಿಲ ಮೇಲೇ ಇರಬೇಕು. ಒತ್ತುವವರು ಒಬ್ಬರು, ಹೋಗುವವರು ಒಬ್ಬರು. ನಾನು ಹೊದಿಕೆಯೊಳಗೇ ಬಿದ್ದು ಬಿದ್ದು ನಕ್ಕಿದ್ದೆ. ಅವನು ಪಂಪು ಶುರುಮಾಡಿದ ಮೇಲೂ ಅತ್ತಿಗೆ ಮಲಗಲಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿ, ನೀರಿನ ರಭಸ ನೋಡಿ, ಮುಚ್ಚಿ, ಮತ್ತೆ ಬಾಲ್ಕನಿಗೆ ಹೋಗಿ, ಅವನ ಸೈಕಲ್ಲು ತಿರುವಿನಲ್ಲಿ ಕಂಡ ಮೇಲೆ ಹಾಸಿಗೆಗೆ ಬಂದರು.

ಹಾಗೆ ಅರೆನಿದ್ದೆಯಲ್ಲೇ ಮೆಟ್ಟಿಲು ಇಳಿಯುತ್ತಿದ್ದ ಅಣ್ಣ, ಒಂದು ರಜೆಯ ಬೆಳಗ್ಗೆ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ಗಡ್ಡ ಅರ್ಧ ಆಗಿತ್ತು. ಇವರು ಹಾಗೇ ನಿದ್ದೆ ಹೋಗುವುದು ಮಾಮೂಲಿ ಎಂದು ಅಂಗಡಿಯವನು ಉಳಿದರ್ಧವನ್ನೂ ಮುಗಿಸಿ, ಮುಖ ಒರೆಸಿ, ಆಮೇಲೆ ಕರೆದನಂತೆ. ಅದನ್ನು ಕೇಳಿ ನನಗೆ ಬಂದ ಸಿಟ್ಟು ಯಾರ ಮೇಲೆ ಎಂದು ಇವತ್ತಿಗೂ ಗೊತ್ತಿಲ್ಲ.

ಅತ್ತಿಗೆ ಅಳಲಿಲ್ಲ. ಬಂದವರಿಗೆ ನೀರು ಕೊಟ್ಟರು, ಚಪ್ಪಲಿಗಳನ್ನು ಸಾಲಾಗಿ ಜೋಡಿಸಿದರು, ಮೂರು ಸಲ ಮನೆ ಒರೆಸಿದರು. ಅವರ ಅಕ್ಕ ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಕೆಲವು ತಿಂಗಳು ಇದ್ದು, ಬೇಸಿಗೆ ಶುರುವಾಗುವ ಹೊತ್ತಿಗೆ ವಾಪಸು ಬಂದರು. ಪರರ ಮನೆಯಲ್ಲಿ ನನಗೆ ಕೈಕಾಲು ಆಡಲ್ಲ ಎಂದರು. ಅಣ್ಣನ ಫೋನು ಅಷ್ಟೂ ದಿನ ಬೀರುವಿನಲ್ಲಿ ಸತ್ತು ಬಿದ್ದಿತ್ತು. ಬಂದವರೇ ಅದನ್ನು ಚಾರ್ಜಿಗೆ ಹಾಕಿದರು. ಅದರಲ್ಲಿ ಅವನ ಫೋಟೋಗಳಿದ್ದವು, ಸುದ್ದಿ ತಿಳಿಯದ ಯಾರ್ಯಾರೋ ಕರೆ ಮಾಡುತ್ತಿದ್ದರು. ಯಾರೂ ಏನೂ ಅಂದುಕೊಳ್ಳಲಿಲ್ಲ.

ಆ ಬೇಸಿಗೆಯಲ್ಲಿ ನಲ್ಲಿಗಳು ಒಣಗತೊಡಗಿದವು. ದಿನಾ ಅಲ್ಲ, ಒಂದೊಂದು ಬೆಳಗ್ಗೆ. ಹಿಂದಿನ ಸಂಜೆಯೋ ರಾತ್ರಿಯೋ ಪಂಪು ಟ್ರಿಪ್ ಆಗಿರುತ್ತಿತ್ತು, ಯಾರೂ ಹೋಗಿ ಶುರು ಮಾಡಿರುತ್ತಿರಲಿಲ್ಲ, ಬೆಳಗಾಗುವುದರೊಳಗೆ ಟ್ಯಾಂಕು ಬರಿದು. ಜನ ಬಕೆಟ್ಟು ಹಿಡಿದು ಪಂಪ್‌ಹೌಸಿನ ಗೇಟಿಗೆ ಬಂದರು. ಅಣ್ಣನ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ, ಹಾಗಾಗಿ ಬೆಲ್ ಬಂದರೆ ಹೋಗಬೇಕಾದವನು ಗೊರಕೆಯೇ. ಸಾಹೇಬರು ತಮ್ಮ ಸ್ಕ್ರೀನು ನೋಡಿದರು. ಪಂಪು ನಿಂತಿತು ಎಂಬ ಕೆಂಪು ದೀಪದ ಪಕ್ಕದಲ್ಲಿ ‘ನೋಡಲಾಗಿದೆ’ ಎಂದು ಹಸಿರು ಗುರುತು ಇತ್ತು. ಅಂದರೆ ಬೆಲ್ ಹೋಗಿದೆ, ಯಾರೋ ಗುಂಡಿ ಒತ್ತಿದ್ದಾರೆ, ಒತ್ತಿ ಮಗ್ಗಲು ಬದಲಿಸಿ ಮಲಗಿದ್ದಾರೆ. ಯಾರು ಒತ್ತಿದರೆಂದು ಆ ಗುರುತು ಹೇಳುವುದಿಲ್ಲ. ಆದರೆ ಇನ್ಯಾರು? ಗೊರಕೆ ಎಂಬ ಹೆಸರೇ ಹೇಳುತ್ತದಲ್ಲ. ಎಲ್ಲರೂ ಸೇರಿ ಅವನ ತಲೆಯ ಮೇಲೆ ಗೂಬೆ ಕೂರಿಸಿದರು. ಸಾಹೇಬರು ನಮ್ಮ ಆಫೀಸಿಗೂ ಫೋನು ಮಾಡಿ ಕೇಳಿದರು. ಹಸಿರು ಗುರುತು ಬಂದಿದ್ದರೆ ಯಾರೋ ಒತ್ತಿರಲೇಬೇಕು, ಪ್ರೋಗ್ರಾಂ ಸುಳ್ಳು ಹೇಳುವುದಿಲ್ಲ ಎಂದು ನಾನು ಸ್ವಲ್ಪ ಬಿಗಿಯಾಗಿಯೇ ಹೇಳಿದೆ. ನನ್ನ ಪ್ರೋಗ್ರಾಮನ್ನು ಅಂದರೆ ನನಗೆ ಮೈ ಉರಿಯುತ್ತದೆ.

ಗೊರಕೆ ನನ್ನನ್ನು ಹುಡುಕಿಕೊಂಡು ಆಫೀಸಿಗೆ ಬಂದ. ಮೊದಲು ಗುರುತೇ ಸಿಗಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ಷರ್ಟು ಹ್ಯಾಂಗರಿಗೆ ನೇತುಹಾಕಿದಂತೆ ಕಾಣುತ್ತಿತ್ತು. ಇನ್ನೊಂದು ಸಲ ಹೀಗಾದರೆ ಕೆಲಸದಿಂದ ತೆಗೆಯುತ್ತೇನೆ ಎಂದು ಸಾಹೇಬರು ಹೇಳಿದ್ದರಂತೆ. ಇನ್ನೊಂದೇ ಸಲ. ಅಂದಿನಿಂದ ಅವನಿಗೆ ನಿದ್ದೆ ಇಲ್ಲ. ಫೋನನ್ನು ಬನಿಯನ್ನಿನೊಳಗೆ ಇಟ್ಟುಕೊಂಡು ಗೋಡೆಗೊರಗಿ ಕೂರುತ್ತಾನೆ. ಗಂಡ ಹೆಂಡತಿ ಪಾಳಿ ಹಾಕಿಕೊಂಡು ಎಚ್ಚರವಿರುತ್ತಾರೆ. ಸ್ನಾನದ ಮನೆಗೆ ಹೋದರೂ ಬಾಗಿಲ ಸಂದಿಯಲ್ಲಿ ಫೋನು. ಬೇಸಿಗೆಗೆ ಮೊದಲು ಬೆಲ್ ಸರಿಯಾಗಿಯೇ ಬರುತ್ತಿತ್ತು, ಈಗಲೂ ಅಪರೂಪಕ್ಕೆ ಬರುತ್ತದೆ, ಬಂದಾಗೆಲ್ಲ ಎದ್ದುಬಿದ್ದು ಹೋಗುತ್ತಾನೆ. ಬಾರದ ದಿನಗಳ ಬಗ್ಗೆ ಏನು ಹೇಳಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

“ನಾನು ಮಲಗಿರಲಿಲ್ಲ ತಂಗೀ,” ಎಂದ. ಆಮೇಲೆ ತಾನೇ ತಿದ್ದಿಕೊಂಡ. “ಮಲಗಿದ್ನೋ ಏನೋ. ನಿದ್ದೇಲೇ ಒತ್ತಿಬಿಟ್ನೋ ಏನೋ. ಈಗ ನನಗೇ ನನ್ನ ಮೇಲೆ ನಂಬಿಕೆ ಇಲ್ಲ.”

ಅವನನ್ನು ಕೂರಿಸಿ ನೀರು ಕೊಟ್ಟೆ, ಆದರೆ ನಂಬಿದೆ ಅಂದರೆ ಸುಳ್ಳಾದೀತು. ಸೋಮವಾರ ಆಫೀಸಿನ ಮೆಷಿನ್ನಿನಲ್ಲಿ ಕೂತು ಎಲ್ಲವನ್ನೂ ನೋಡುತ್ತೇನೆ ಎಂದು ಹೇಳಿ ಕಳಿಸಿದೆ. ಅವನ ಹೆಸರು ನನ್ನ ಕಿವಿಯಲ್ಲೂ ಕೂತುಬಿಟ್ಟಿತ್ತಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ಅತ್ತಿಗೆಯ ಮನೆಗೆ ಹೋದೆ. ಬಿಸಿಲಿಗೆ ಕಿಟಕಿಗಳಿಗೆಲ್ಲ ಹಳೆಯ ಬೆಡ್‌ಶೀಟು ಕಟ್ಟಿದ್ದರು. ಅತ್ತಿಗೆ ಹುರುಳಿಕಾಯಿ ಕತ್ತರಿಸುತ್ತ ಕೂತಿದ್ದರು, ಅಂದರೆ ಎರಡು ಕಾಯಿಗೊಮ್ಮೆ ಎದ್ದು ಓಡಾಡುತ್ತಿದ್ದರು. ನೀರಿನ ಮಾತು ಬಂತು. ಅತ್ತಿಗೆಯ ಬಾಯಿಗೆ ಗೊರಕೆ ಸಿಕ್ಕ. ನಿಮ್ಮಣ್ಣ ಇದ್ದಾಗ ಒಂದು ದಿನ ಹೀಗಾಗಿತ್ತಾ, ಊರಿಗೇ ನೀರಿಲ್ಲದ ಹಾಗೆ ಮಾಡಿ ಅದು ಹೇಗೆ ಮಲಗುತ್ತಾನೋ ಆ ಮನುಷ್ಯ, ಅವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೋ ಎಂದು ಚೆನ್ನಾಗಿ ಹಿಂಡಿದರು. ಇನ್ನೊಂದು ಸಲಕ್ಕೆ ಕೆಲಸ ಹೋಗುತ್ತದೆ ಎಂದೆ. ಹೋಗಲಿ, ಆಗಲಾದರೂ ಬುದ್ಧಿ ಬರುತ್ತೆ ಎಂದರು.

ಆಗ ಬೆಲ್ ಹೊಡೆಯಿತು. ನಾನೇ ಆರಿಸಿ ಹಾಕಿದ್ದ ಸದ್ದು, ಎಲ್ಲಿ ಕೇಳಿದರೂ ಗೊತ್ತಾಗುತ್ತದೆ. ಅತ್ತಿಗೆ ಚಾಕು ಕೆಳಗಿಟ್ಟು, ಟವೆಲ್ಲಿಗೆ ಕೈ ಒರೆಸಿ, ಫ್ರಿಜ್ಜಿನ ಮೇಲಿದ್ದ ಅಣ್ಣನ ಫೋನು ತೆಗೆದುಕೊಂಡು, ಗುಂಡಿ ಒತ್ತಿ, ಮತ್ತೆ ಅಲ್ಲೇ ಇಟ್ಟರು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನೀರು ನೋಡುತ್ತ ನಿಂತರು. ಇಷ್ಟೂ ಆಗುವುದಕ್ಕೆ ನಾನು ಬಾಯಿ ತೆರೆಯುವಷ್ಟು ಹೊತ್ತೂ ಹಿಡಿಯಲಿಲ್ಲ.

“ಏನು ಮಾಡಿದ್ರಿ ಅತ್ತಿಗೆ?”

“ನಿಮ್ಮಣ್ಣನ ಬೆಲ್ಲು. ಒತ್ತೋವರೆಗೂ ಬಡ್ಕೊತಾನೇ ಇರುತ್ತೆ,” ಎಂದರು ನಲ್ಲಿಯಿಂದ ಕಣ್ಣು ತೆಗೆಯದೆ. “ಆ ಗೊರಕೆಗೂ ಹೊಡೆದಿರುತ್ತೆ ಈಗ. ನೋಡೋಣ, ಇವತ್ತಾದ್ರೂ ಏಳ್ತಾನಾ ಅಂತ.”

ಬೇಸಿಗೆಯಿಡೀ ಏನು ನಡೆದಿದೆ ಎಂಬುದು ಪೂರ್ತಿ ಒಂದೇ ಸಲ ಕಣ್ಣಿಗೆ ಕಟ್ಟಿತು. ಅಣ್ಣನ ಹೆಸರನ್ನು ಪಂಪ್‌ಹೌಸಿನವರು ಸಂಬಳದಿಂದ ತೆಗೆದಿದ್ದರು, ಗೋಡೆಯ ಹಲಗೆಯಿಂದ ಅಳಿಸಿದ್ದರು, ಅವನ ಪೆಟ್ಟಿಗೆಯ ಬೀಗವನ್ನೂ ಒಡೆದಿದ್ದರು. ಪ್ರೋಗ್ರಾಮಿನಿಂದ ತೆಗೆಯುವುದು ಹೇಗೆಂದು ಸಾಹೇಬರಿಗೆ ನಾನೇ ಕಲಿಸಿದ್ದೆ. ಅದಕ್ಕೆ ತಾನಾಗಿ ತಿಳಿಯುತ್ತದೆ ಎಂದುಕೊಂಡು ಅವರು ಸುಮ್ಮನಿದ್ದರು. ಹೇಗೆ ತಿಳಿದೀತು? ವರ್ಗವಾದವನು ಬಂದು ಹೆಸರು ತೆಗೆಸುತ್ತಾನೆ, ನಿವೃತ್ತನಾದವನು ತೆಗೆಸುತ್ತಾನೆ. ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತು ಹೋದವನು ಯಾರಿಗೆ ಬಂದು ಬೇಡ ಅನ್ನಬೇಕು? ಸರದಿಯಲ್ಲಿ ಮೊದಲ ಹೆಸರು ಇನ್ನೂ ಅವನದೇ. ಫೋನು ಬೀರುವಿನಲ್ಲಿ ಸತ್ತಿದ್ದಾಗ ಬೆಲ್ ಎರಡು ನಿಮಿಷ ಕಾದು ಗೊರಕೆಗೆ ಹೋಗುತ್ತಿತ್ತು. ಅತ್ತಿಗೆ ಮನೆಗೆ ಬಂದು ಒತ್ತತೊಡಗಿದ ಮೇಲೆ ಇಲ್ಲೇ ಮುಗಿಯುತ್ತಿತ್ತು. ಅವರು ಮಾರ್ಕೆಟ್ಟಿಗೋ ಎಲ್ಲಿಗೋ ಹೋಗಿದ್ದ ದಿನ ಮಾತ್ರ ಅವನಿಗೆ ತಲುಪುತ್ತಿತ್ತು.

ಮೊದಲು ನನ್ನ ಫೋನಿನಿಂದಲೇ ಗೊರಕೆಗೆ ಕರೆ ಮಾಡಿ, ಪಂಪು ನಿಂತಿದೆ, ಏನೂ ಕೇಳಬೇಡಿ, ಓಡಿ ಎಂದೆ. ಅವನು ಅಯ್ಯೋ ಎಂದದ್ದು ಕೇಳಿಸಿತು, ಆಮೇಲೆ ಬಾಗಿಲು ಬಡಿದದ್ದು. ಆಮೇಲೆ ಅತ್ತಿಗೆಯನ್ನು ಕೂರಿಸಿ ಹೇಳಿದೆ. ನಿಧಾನವಾಗಿ ಹೇಳಬೇಕಿತ್ತು, ನನಗೆಲ್ಲಿಯ ನಿಧಾನ. ಬೆಲ್ ಎಲ್ಲರಿಗೂ ಒಟ್ಟಿಗೆ ಹೋಗುವುದಿಲ್ಲ ಅತ್ತಿಗೆ, ಒಬ್ಬರಾದ ಮೇಲೆ ಒಬ್ಬರಿಗೆ ಹೋಗುತ್ತದೆ, ನೀವು ಒತ್ತಿದರೆ ಅಣ್ಣ ಹೊರಟ ಅಂತ ಲೆಕ್ಕ, ಗೊರಕೆಗೆ ಬೆಲ್ ಹೋಗುವುದೇ ಇಲ್ಲ ಎಂದೆ. ಅವರಿಗೆ ಮೊದಲ ಸಲ ಅರ್ಥವಾಗಲಿಲ್ಲ. ಒತ್ತಿದರೆ ಈ ಫೋನಿನ ಬಾಯಿ ಮುಚ್ಚುತ್ತದೆ ಅಷ್ಟೇ ಎಂದು ಅವರು ತಿಳಿದಿದ್ದರು. ಹಳೆಯ ಕಾಲದಲ್ಲಿ ಎಲ್ಲರಿಗೂ ಹೊಡೆಯುತ್ತಿತ್ತಲ್ಲ, ಅದೇ ಅವರ ತಲೆಯಲ್ಲಿತ್ತು. ಎರಡನೇ ಸಲ ಹೇಳಿದಾಗ ಅರ್ಥವಾಯಿತು. ನನಗೆ ಗೊತ್ತಿದ್ದ ಅಷ್ಟೂ ವರ್ಷಗಳಲ್ಲಿ ಅವರು ಕುರ್ಚಿಗೆ ಬೆನ್ನು ಆನಿಸಿ ಕೂತದ್ದನ್ನು ಆಗಲೇ ಮೊದಲ ಸಲ ನೋಡಿದೆ.

“ಒತ್ತೋದು ನಾನು, ಹೋಗೋದು ಅವರು,” ಎಂದರು. “ಯಾವಾಗಲೂ ಹಂಗೇ ಅಲ್ವಾ. ಇದು ನಿನ್ನ ಪ್ರೋಗ್ರಾಮಿಗೆ ಗೊತ್ತಿರಲಿಲ್ವಾ?”

ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಒಂದು ಫೋನು, ಒಂದು ಹೆಸರು. ಆ ಹೆಸರಿನ ಹಿಂದೆ ಎಚ್ಚರವಾಗುವವರು ಒಬ್ಬರು, ಸೈಕಲ್ಲು ಹತ್ತುವವನೊಬ್ಬ ಎಂದು ನಾನು ಬರೆದಿರಲಿಲ್ಲ, ಕಣ್ಣಾರೆ ನೋಡಿಯೂ.

ನಾಳೆ ಆಫೀಸು ತೆಗೆದ ತಕ್ಷಣ ಹೆಸರು ತೆಗೆಯುತ್ತೇನೆ, ಅಲ್ಲಿಯವರೆಗೆ ಈ ಫೋನು ಆಫ್ ಮಾಡಿಬಿಡೋಣ ಎಂದು ಫ್ರಿಜ್ಜಿನ ಕಡೆ ಕೈ ಚಾಚಿದೆ. ಅತ್ತಿಗೆ ನನಗಿಂತ ಮೊದಲು ಎದ್ದು ಫೋನನ್ನು ಕಿತ್ತುಕೊಂಡರು. ಮುಟ್ಟಬೇಡ ಎಂದರು. ಎಂದೂ ದನಿ ಏರಿಸದ ಬಾಯಿಂದ ಆ ಮಾತು ಬಂದಾಗ ನನ್ನ ಕೈ ಹಾಗೇ ನಿಂತಿತು. ನನಗೂ ರೇಗಿತು. ಅಲ್ಲೊಬ್ಬನ ಕೆಲಸ ಹೋಗುತ್ತಿದೆ, ನೀವು ಫೋನು ಹಿಡಿದುಕೊಂಡು ಕೂತಿದ್ದೀರಿ ಎಂದೆ. ಅದನ್ನು ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅತ್ತಿಗೆ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹೊಲಿಗೆ ಮೆಷಿನ್ನಿಗೆ, ಅಲ್ಲಿಂದ ಮತ್ತೆ ಅಡುಗೆಮನೆಗೆ ನಡೆದರು. ನಾನು ಅವರ ಹಿಂದೆ ನಡೆದೆ. ಆ ಪುಟ್ಟ ಮನೆಯಲ್ಲಿ ಇಬ್ಬರೂ ಹೀಗೆ ಎಷ್ಟು ಸುತ್ತಿದೆವೋ.

ಬೇರೆ ದಾರಿ ಹುಡುಕಿದೆ. ಅಣ್ಣನ ಹೆಸರನ್ನು ತೆಗೆಯದೆ ಸರದಿಯ ಕೊನೆಗೆ ಹಾಕುತ್ತೇನೆ ಎಂದೆ. ಆಗ ಗೊರಕೆ ಮೊದಲೇ ಒತ್ತುತ್ತಾನೆ, ಇಲ್ಲಿಗೆ ಬರುವುದೇ ಇಲ್ಲ ಎಂದರು. ಈಗ ಸರದಿ ಚೆನ್ನಾಗಿ ಅರ್ಥವಾಗಿತ್ತು. ಹಾಗಾದರೆ ಗುಂಡಿಯೇ ಇಲ್ಲದ, ಬರೀ ಸದ್ದು ಬರುವ ಬೆಲ್ ಒಂದನ್ನು ನಿಮಗಾಗಿ ಬೇರೆ ಮಾಡಿಕೊಡುತ್ತೇನೆ ಎಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ನಾನು ಸಣ್ಣವಳಾಗಿಬಿಟ್ಟೆ. ಅಳುವ ಮಗುವಿಗೆ ಗಿಲಕಿ ಕೊಡಲು ಹೋದ ಹಾಗಾಗಿತ್ತು.

“ಹುಚ್ಚು ಅಂತ ನನಗೂ ಗೊತ್ತು ಕಣೇ,” ಎಂದರು ಕೊನೆಗೆ. “ಇದು ಹೊಡೆದಾಗ ಅವರನ್ನ ಇನ್ನೂ ಯಾರೋ ಕರೀತಾರಲ್ಲ ಅನ್ನಿಸುತ್ತೆ. ಒತ್ತಿದ ಮೇಲೆ ಹೊರಟ್ರು ಅನ್ನಿಸುತ್ತೆ. ಬಾಲ್ಕನೀಲಿ ನಿಂತು ದಾರಿ ಕೂಡ ನೋಡ್ತೀನಿ. ಒಂದರ್ಧ ಗಂಟೆ ಅಷ್ಟೇ. ಆಮೇಲೆ ಸರಿ ಹೋಗುತ್ತೆ.”

ಆ ಅರ್ಧ ಗಂಟೆಗೆ ಬದಲಾಗಿ ಗೊರಕೆಯ ಮನೆಯಲ್ಲಿ ಇಬ್ಬರು ಗೋಡೆಗೊರಗಿ ಎಚ್ಚರವಾಗಿದ್ದಾರೆ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಅವರೇ ಕೇಳಿದರು, ಅವನು ಹೇಗಿದ್ದಾನೆ ಎಂದು. ಇಳಿದುಹೋಗಿದ್ದಾನೆ, ನಿದ್ದೆ ಮಾಡುವುದನ್ನೇ ಬಿಟ್ಟಿದ್ದಾನೆ, ತಾನೇ ನಿದ್ದೆಯಲ್ಲಿ ಒತ್ತಿದೆನೇನೋ ಎಂದುಕೊಂಡಿದ್ದಾನೆ ಎಂದೆ. ಅತ್ತಿಗೆ ಫೋನನ್ನು ನೋಡುತ್ತ ನಿಂತರು. ಆಫ್ ಮಾಡುವುದು ಬೇಡ, ಇನ್ನು ಮೇಲೆ ಬಂದರೆ ನಾನು ಒತ್ತುವುದಿಲ್ಲ ಎಂದರು. ನಿಮ್ಮ ಕೈಲಾಗುತ್ತಾ ಎಂದು ಕೇಳಿದೆ. ಗೊತ್ತಿಲ್ಲ ಎಂದರು.

ನಲ್ಲಿಯಲ್ಲಿ ನೀರು ರಭಸವಾಗಿ ಬರತೊಡಗಿತು. ಗೊರಕೆ ಹೋಗಿ ಪಂಪು ಶುರು ಮಾಡಿದ್ದ. ಮನೆಗೆ ಹೊರಟಿದ್ದೇನೆ ಎಂದು ನನಗೆ ಫೋನು ಮಾಡಿ ಹೇಳಿದ. ಬೆಲ್ ಮಾತ್ರ ಇವತ್ತೂ ಬರಲಿಲ್ಲ, ನೀವು ಹೇಳದಿದ್ದರೆ ನನ್ನ ಕಥೆ ಮುಗಿದಿತ್ತು ಎಂದ. ಕಾರಣ ಹೇಳಲು ಬಾಯಿ ತೆರೆದೆ. ಅತ್ತಿಗೆ ಬೇಡ ಎಂದು ಕೈ ಆಡಿಸಿದರು, ಸುಮ್ಮನಾದೆ.

ಬೇಸಿಗೆಯ ವೋಲ್ಟೇಜು ಒಂದು ಸಲಕ್ಕೆ ಬಿಡುವುದಿಲ್ಲ. ಟೀಗೆ ನೀರು ಇಟ್ಟಿದ್ದೆವು, ಇನ್ನೂ ಕುದಿ ಬಂದಿರಲಿಲ್ಲ, ಅತ್ತ ಪಂಪು ಮತ್ತೆ ನಿಂತಿತು. ಅಣ್ಣನ ಫೋನು ಅತ್ತಿಗೆಯ ಕೈಯಲ್ಲೇ ಹೊಡೆಯಿತು.

ಎರಡು ನಿಮಿಷ ಅಂದರೆ ಎಷ್ಟು ಎಂದು ಅದನ್ನು ಆರಿಸಿದ ನನಗೂ ಅಂದಿನವರೆಗೆ ಗೊತ್ತಿರಲಿಲ್ಲ. ಅತ್ತಿಗೆಯ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಯಿತು. ಅವರು ಅದನ್ನು ಹಿಂದಕ್ಕೆಳೆದುಕೊಂಡರು. ಫೋನನ್ನು ಮೇಜಿನ ಮೇಲಿಟ್ಟರು. ಅದು ನಡುಗುತ್ತ ಕತ್ತರಿಸಿದ ಹುರುಳಿಕಾಯಿಯ ತಟ್ಟೆಗೆ ತಾಗಿತು, ತಟ್ಟೆಯೂ ಗಿರಗಿರ ಸದ್ದು ಮಾಡತೊಡಗಿತು. ಬೆಲ್ ಹೊಡೆಯುತ್ತಲೇ ಇತ್ತು. ಅತ್ತಿಗೆ ಕೋಣೆಯ ಬಾಗಿಲಿನವರೆಗೆ ಹೋದರು, ತಿರುಗಿ ಬಂದರು, ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡರು. ಕರೆಯುತ್ತಾ ಇದೆ ಕಣೇ ಎಂದರು. ನಾನು ಅವರ ತೋಳು ಹಿಡಿದುಕೊಂಡೆ. ನನಗೇ ಒತ್ತಿಬಿಡಬೇಕು ಅನ್ನಿಸಿತು. ಯಾರಾದರೂ ಒತ್ತಿದರೆ ಸಾಕು ಅನ್ನಿಸಿತು. ಪರದೆಯ ಮೇಲೆ ಅಣ್ಣನ ಹೆಸರು ಬೆಳಗುತ್ತಿತ್ತು, ಅದರ ಕೆಳಗೆ ಗುಂಡಿ. ಅತ್ತಿಗೆಯ ತುಟಿ ಅಲುಗುತ್ತಿತ್ತು, ಏನನ್ನುತ್ತಿದ್ದರೋ ಕೇಳಿಸಲಿಲ್ಲ.

ಬೆಲ್ ತಾನಾಗಿ ನಿಂತಿತು. ತಟ್ಟೆ ಸುಮ್ಮನಾಯಿತು. ಪರದೆ ಕಪ್ಪಾಯಿತು.

ಅತ್ತಿಗೆ ಹಾಗೇ ನಿಂತಿದ್ದರು.

“ಅದಕ್ಕೂ ಗೊತ್ತಾಯ್ತು,” ಎಂದರು. “ಅವರಿಲ್ಲ ಅಂತ.”

ಆಮೇಲೆ ಅತ್ತರು. ಅಣ್ಣ ಹೋದ ದಿನ ಅಳದೆ ಉಳಿಸಿಕೊಂಡದ್ದೆಲ್ಲ ಬಂತು. ನನ್ನ ಭುಜ ಒದ್ದೆಯಾಯಿತು, ನಾನೂ ಅತ್ತೆ, ಒಲೆಯ ಮೇಲೆ ನೀರು ಕುದಿದು ಕುದಿದು ಅರ್ಧವಾಯಿತು.

ನನ್ನ ಫೋನು ಹೊಡೆದಾಗಲೂ ಅವರು ಬಿಕ್ಕುತ್ತಲೇ ಇದ್ದರು. ಗೊರಕೆ. ಸೈಕಲ್ಲಿನ ಮೇಲಿದ್ದ, ಉಸಿರು ಎಳೆಯುತ್ತಿದ್ದ. ಬಂತು ತಂಗೀ, ನನ್ನ ಫೋನಿಗೇ ಬಂತು, ಒತ್ತಿದೆ, ಹೊರಟಿದ್ದೇನೆ ಎಂದು ಕೂಗುತ್ತಿದ್ದ. ಅತ್ತಿಗೆ ಮುಖ ಒರೆಸಿಕೊಂಡು ಕೈ ಚಾಚಿದರು. ಸ್ಪೀಕರಿಗೆ ಹಾಕಿ ಕೊಟ್ಟೆ. ತಾವು ಯಾರೆಂದು ಹೇಳಿದರು. ಬೇಸಿಗೆಯಿಡೀ ನಿಮ್ಮ ಬೆಲ್ಲನ್ನು ಒತ್ತಿದವಳು ನಾನೇ, ನಾಳೆ ನಿಮ್ಮ ಸಾಹೇಬರ ಮುಂದೆ ನಿಂತು ಇದನ್ನೇ ಹೇಳುತ್ತೇನೆ ಎಂದರು. ಎರಡು ಮಾತಿನಲ್ಲಿ ಮುಗಿಸಿದರು, ಮನ್ನಿಸಿ ಎಂದು ಕೂಡ ಸೇರಿಸಲಿಲ್ಲ.

ಆ ಕಡೆ ಸೈಕಲ್ಲು ಗಕ್ಕನೆ ನಿಂತ ಸದ್ದು ಕೇಳಿಸಿತು. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ತಪ್ಪೇನಿರಲಿಲ್ಲ.

“ಅತ್ತಿಗೇ,” ಎಂದ. “ಹಂಗಾದ್ರೆ ನಾನು ಮಲಗಿರಲಿಲ್ಲ?”

“ಇಲ್ಲ.”

“ಯಾವತ್ತೂ?”

“ಇಲ್ಲಪ್ಪ. ನೀವು ಎದ್ದೇ ಇದ್ರಿ.”

ಅವನು ಮತ್ತೆ ಕೇಳಿದ, ಅತ್ತಿಗೆ ಮತ್ತೆ ಹೇಳಿದರು.